ಒಸಾಕಾದಲ್ಲಿ 9 ಜನ, 3 ಬಗೆಯ ಊಟ: ಜಪಾನಿ ಹೋಟೆಲಿಗೆ ಹೋಗುದೋ ಬೇಡವೋ?

ಪೆರ್ಲದ_ಪಯಣಿಗ
ಎಲ್ಲರಿಗೂ ನಮಸ್ಕಾರ. ನವೆಂಬರಿನಲ್ಲಿ 9 ಜನ ಒಸಾಕಾಕ್ಕೆ ಹೊರಟಿದ್ದೇವೆ. 5 ರಾತ್ರಿ, ರೂಮು ನಂಬಾ ಸ್ಟೇಷನಿನ ಹತ್ರ. ಟಿಕೆಟ್, ವೀಸಾ ಎಲ್ಲ ಆಯ್ತು, ಊಟದ ಲೆಕ್ಕ ಮಾತ್ರ ಕೂಡಿ ಬರ್ತಾ ಇಲ್ಲ. 3 ಜನ ಮೀನು, ಮೊಟ್ಟೆ ಯಾವುದೂ ಮುಟ್ಟದವರು. ಅದ್ರಲ್ಲಿ ಇಬ್ಬರಿಗೆ ನೀರುಳ್ಳಿ, ಬೆಳ್ಳುಳ್ಳಿಯೂ ಆಗುದಿಲ್ಲ. 2 ಜನಕ್ಕೆ ಹಲಾಲ್ ಬೇಕು. ಬಾಕಿ 4 ಜನಕ್ಕೆ ಬೂತಾಯಿಯಿಂದ ಹಿಡಿದು ಏನು ಕೊಟ್ರೂ ಆದೀತು. ಟ್ರಾವೆಲ್ಸಿನವರು ದಿನಾ ರಾತ್ರಿ ಇಂಡಿಯನ್ ಊಟ ಹಾಕಿಸ್ತೇವೆ ಅಂತಾರೆ. ಅಷ್ಟು ದೂರ ಹೋಗಿ ಪನೀರ್ ಬಟರ್ ಮಸಾಲ ತಿನ್ನುದಾ? ಎಲ್ಲರೂ ಒಂದೇ ಕಡೆ ಕೂತು ತಿನ್ನುವಂಥ ಜಪಾನಿ ಹೋಟೆಲು ಸಿಗ್ತದಾ? ಎಂತ ಕೇಳ್ಬೇಕು, ಎಂತ ತಿನ್ಬಾರದು, ಗೊತ್ತಿದ್ದವರು ಸರಿಯಾಗಿ ಹೇಳಿ.

ಉಪ್ಪಳ_ಎಕ್ಸ್‌ಪ್ರೆಸ್
ರೈಸ್ ಕುಕ್ಕರ್ ಕಟ್ಟಿಕೊಂಡು ಹೋಗಿ. ಚರ್ಚೆ ಮುಗೀತು.

ಬೇಕಲದ_ಗಾಳಿ
ಕುಕ್ಕರ್ ಕಟ್ಟಿಕೊಂಡು ಹೋದ್ರೆ ಕೆಟ್ಟಿರಿ. ಅಲ್ಲಿ ಕರೆಂಟ್ 100 ವೋಲ್ಟ್. ನಮ್ಮ 230 ವೋಲ್ಟಿನ ಕುಕ್ಕರಿಗೆ ಅಲ್ಲಿ ಐದರಲ್ಲಿ ಒಂದು ಪಾಲು ಶಕ್ತಿಯೂ ಸಿಗುದಿಲ್ಲ, ಅಕ್ಕಿ ನೆನೆದು ಕೂತಿರ್ತದೆ ಅಷ್ಟೇ. ಹೋಟೆಲ್ ರೂಮಿನಲ್ಲಿ ಅಡಿಗೆ ಮಾಡ್ಲಿಕ್ಕೆ ಬಿಡುದೂ ಇಲ್ಲ.

ಕಟ್ಟುಸಾರು
ಪಯಣಿಗರೇ, ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಜಪಾನಿ ಊಟದಲ್ಲಿ ಸಸ್ಯಾಹಾರಿಯ ಕಷ್ಟ ತಟ್ಟೆಯಲ್ಲಿ ಕಾಣುವ ಮೀನಲ್ಲ, ಕಾಣದ ದಾಶಿ. ನಮ್ಮ ಸಾರಿಗೆ ಬೇಳೆ ಕಟ್ಟು ಹೇಗೋ, ಅವರ ಅಡಿಗೆಗೆ ದಾಶಿ ಹಾಗೆ. ಮಾಡುವ ಕ್ರಮ ಹೀಗೆ: 1 ಲೀಟರ್ ನೀರಿಗೆ ಸುಮಾರು 10 ಗ್ರಾಂ ಕೊಂಬು ಹಾಕಿ ನೆನೆಸುದು. (ಕೊಂಬು ಅಂದ್ರೆ ಎಮ್ಮೆದಲ್ಲ, ಹೊಕ್ಕೈಡೊ ಕಡೆಯ ಅಗಲ ಎಲೆಯ ಕಡಲಕಳೆ.) ಆಮೇಲೆ 60 ಡಿಗ್ರಿ ಹತ್ರ ಹಿಡಿದು, ಕುದಿ ಬರುವ ಮೊದಲೇ ಕೊಂಬು ತೆಗೀಬೇಕು. ಕುದಿಸಿದ್ರೆ ಲೋಳೆ ಬಿಟ್ಟು ಕಹಿಯಾಗ್ತದೆ. ಇಷ್ಟರವರೆಗೆ ಅದು ಸಸ್ಯಾಹಾರವೇ. ಆಮೇಲೆ 20-30 ಗ್ರಾಂ ಕತ್ಸುಓಬುಶಿ, ಅಂದ್ರೆ ಹೊಗೆಯಲ್ಲಿ ಒಣಗಿಸಿದ ಮೀನಿನ ಹೆರೆ, ಹಾಕಿ ಒಂದೆರಡು ನಿಮಿಷದಲ್ಲಿ ಸೋಸ್ತಾರೆ. ಮೀನು ಬುಟ್ಟಿಗೆ ಹೋಯ್ತು, ರುಚಿ ನೀರಿನಲ್ಲಿ ಉಳೀತು. ಹಾಗಾಗಿ ಬಡಿಸುವವನು ನಿಜ ಮನಸ್ಸಿನಿಂದಲೇ "ಇದ್ರಲ್ಲಿ ಮೀನಿಲ್ಲ" ಅಂತಾನೆ. ಅವನ ಲೆಕ್ಕದಲ್ಲಿ ಮೀನು ಅಂದ್ರೆ ತುಂಡು.

ಎಲ್ಲೆಲ್ಲಿ ಅಡಗಿರ್ತದೆ: ಮಿಸೊ (ಹುದುಗಿಸಿದ ಸೋಯಾ) ಸೂಪ್, ಉದೋನ್ ಮತ್ತು ಸೋಬಾ ಅನ್ನುವ ನೂಡಲ್ಸಿನ ಸಾರು, ತೆಂಪುರ (ಹಿಟ್ಟು ಮೆತ್ತಿ ಕರಿದದ್ದು) ಅದ್ದುವ ನೀರು, ಬೇಯಿಸಿದ ತರಕಾರಿ, ಮೊಟ್ಟೆ ಸುರುಳಿ, ಪಾಲಕ್ ಪಲ್ಯ, ಎಷ್ಟೋ ಕಡೆ ಉಪ್ಪಿನಕಾಯಿಯಲ್ಲೂ. ತಣ್ಣಗಿನ ತೋಫು ಕೇಳಿದ್ರೆ ಮೇಲಿನಿಂದ ಮೀನಿನ ಹೆರೆ ಉದುರಿಸಿ ತರ್ತಾರೆ.

ಅಡಿಕೆಸುಲಿ
ಅಲರ್ಜಿ ಪಟ್ಟಿ ಎಲ್ಲ ದೊಡ್ಡ ಹೋಟೆಲಲ್ಲೂ ಇರ್ತದಲ್ಲ? ಅದನ್ನು ನೋಡಿದ್ರೆ ಆಯ್ತು.

ಕಟ್ಟುಸಾರು
ಎಲ್ಲರೂ ಎಡವುದು ಅಲ್ಲೇ. ಜಪಾನಿನಲ್ಲಿ ಪೊಟ್ಟಣದ ಮೇಲೆ ಕಡ್ಡಾಯವಾಗಿ ಹಾಕ್ಬೇಕಾದ್ದು ಮೊಟ್ಟೆ, ಹಾಲು, ಗೋಧಿ, ಸೋಬಾ (ಬಕ್‌ವೀಟ್), ನೆಲಗಡಲೆ, ಸೀಗಡಿ, ಏಡಿ, ಇತ್ತೀಚೆಗೆ ಸೇರಿಸಿದ ಅಕ್ರೋಟು ಇಂಥವು. "ಹಾಕಿದ್ರೆ ಒಳ್ಳೇದು" ಅನ್ನುವ ಇನ್ನೊಂದು ಪಟ್ಟಿ ಉಂಟು. ಅದ್ರಲ್ಲಿ ಸಾಲ್ಮನ್ ಮತ್ತು ಸಬಾ (ಬಂಗುಡೆ ಜಾತಿ) ಉಂಟು, ದಾಶಿಗೆ ಹಾಕುವ ಕತ್ಸುಓ ಮೀನು ಇಲ್ಲ. ಹೋಟೆಲಿನವರ ಚಾರ್ಟೂ ಈ ಪಟ್ಟಿ ನೋಡಿಯೇ ಮಾಡಿದ್ದು. ಅಂದ್ರೆ ಎಲ್ಲ ಚೌಕವೂ ಖಾಲಿ ಇದ್ದ ಪದಾರ್ಥದಲ್ಲೂ ಮೀನಿನ ದಾಶಿ ಇರಬಹುದು. ಚಾರ್ಟು ನಿಮ್ಮ ಮೊಟ್ಟೆಯ ಸಂಶಯ ಬಿಡಿಸ್ತದೆ, ಮೀನಿನದ್ದು ಬಿಡಿಸುದಿಲ್ಲ.

ಪೊಟ್ಟಣದ ಹಿಂದೆ ಪದಾರ್ಥಗಳ ಪಟ್ಟಿಯನ್ನು ಫೋನಿನ ಕ್ಯಾಮೆರಾದಲ್ಲಿ ಅನುವಾದಿಸಿ ನೋಡಿ. "ಕತ್ಸುಓ" ಮತ್ತು "ಎಕಿಸು", ಈ ಎರಡು ಶಬ್ದ ಹುಡುಕಿ. ಎಕಿಸು ಅಂದ್ರೆ ಸತ್ವ. ಚಿಕನ್ ಎಕಿಸು, ಪೋಕು ಎಕಿಸು ಅಂತ ಬರ್ತದೆ. ಚಿಪ್ಸಿನಲ್ಲೂ ಬರ್ತದೆ.

ನೀರ್ಚಾಲು_ನೀರ್ದೋಸೆ
ಒಸಾಕಾದ ಕಿತ್ಸುನೆ ಉದೋನ್ ಸಸ್ಯಾಹಾರಿಗಳಿಗೆ ಒಳ್ಳೇದು. ಮೇಲೆ ಹುರಿದ ತೋಫು ಮಾತ್ರ, ಮಾಂಸ ಇಲ್ಲ.

ಕಟ್ಟುಸಾರು
ನೀರ್ದೋಸೆಯವರೇ, ಮೇಲಿನದ್ದನ್ನು ಓದದೆ ಬರೆದ್ರಿ ಅಂತ ಕಾಣ್ತದೆ. ತೋಫು ಸಿಹಿಯಾಗಿ ಬೇಯಿಸುದು ದಾಶಿಯಲ್ಲಿ, ಅದು ತೇಲುದು ದಾಶಿಯಲ್ಲಿ. ಅದೇ ಹುರಿದ ತೋಫುವಿನ ಚೀಲಕ್ಕೆ ಅನ್ನ ತುಂಬಿದ ಇನಾರಿ ಸುಶಿಯೂ ಹಾಗೆ. ನೋಡಿದ್ರೆ ಶುದ್ಧ, ಒಳಗೆ ಮೀನಿನ ನೀರು.

ನೀರ್ಚಾಲು_ನೀರ್ದೋಸೆ
ಅಪ್ಪು ಭಾವ, ತಪ್ಪಾತು. ಆದ್ರೆ ಒಸಾಕಾದ ಸಾರು ಕೊಂಬುವಿನದ್ದು ಅಂತ ಹೇಳ್ತಾರಲ್ಲ?

ಕಟ್ಟುಸಾರು
ಕೊಂಬು ಮುಂದೆ, ಮೀನು ಹಿಂದೆ. ಎರಡೂ ಇರ್ತದೆ. ಹಿಂದೆ ಕಿತಾಮಾಏಬುನೆ ಅನ್ನುವ ವ್ಯಾಪಾರದ ಹಡಗುಗಳು ಹೊಕ್ಕೈಡೊದ ಕೊಂಬುವನ್ನು ಒಸಾಕಾಕ್ಕೆ ತಂದು ಇಳಿಸ್ತಿದ್ದವು. ಹಾಗಾಗಿ ಪಶ್ಚಿಮದ ಸಾರು ತೆಳು ಬಣ್ಣ, ಕೊಂಬುವಿನ ರುಚಿ. ಟೋಕಿಯೋ ಕಡೆ ಕಪ್ಪು ಸೋಯಾ, ಮೀನಿನ ಘಾಟು ಜಾಸ್ತಿ. ದೊಂಬೆಯ್ ಅನ್ನುವ ಕಪ್ ಉದೋನನ್ನೂ ಪೂರ್ವಕ್ಕೆ ಒಂದು ರುಚಿ, ಪಶ್ಚಿಮಕ್ಕೆ ಇನ್ನೊಂದು ರುಚಿ ಮಾಡಿ ಮಾರ್ತಾರೆ. 1908ರಲ್ಲಿ ಇಕೆದಾ ಕಿಕುನಾಏ ಅನ್ನುವ ವಿಜ್ಞಾನಿ ಗ್ಲುಟಮೇಟ್ ಬೇರ್ಪಡಿಸಿ, ಅದರ ರುಚಿಗೆ ಉಮಾಮಿ ಅಂತ ಹೆಸರಿಟ್ಟದ್ದು ಇದೇ ಕೊಂಬುವಿನಿಂದ.

ಚಂದ್ರಗಿರಿ_ದೋಣಿ
ಕತ್ಸುಓಬುಶಿ ಅಂದ್ರೆ ನಮಗೆ ಹೊಸತೇನಲ್ಲ. ಲಕ್ಷದ್ವೀಪದ ಮಾಸ್ ನೋಡಿದವರಿಗೆ ಕೂಡ್ಲೇ ಅರ್ಥ ಆಗ್ತದೆ. ಅದೇ ಜಾತಿಯ ಕೇದರ, ಬೇಯಿಸಿ, ಹೊಗೆ ಹಾಕಿ, ಬಿಸಿಲಲ್ಲಿ ಒಣಗಿಸಿ ಕಟ್ಟಿಗೆಯ ಹಾಗೆ ಮಾಡುದು. ಜಪಾನಿನವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅದಕ್ಕೆ ಬೂಷ್ಟು ಹಿಡಿಸ್ತಾರೆ, ಅದು ಒಳಗಿನ ನೀರನ್ನು ಎಳೀತದೆ, ಕೊಬ್ಬನ್ನು ಒಡೀತದೆ. ಒಂದಕ್ಕೊಂದು ಬಡಿದ್ರೆ ಟಣ್ ಅನ್ನುವಷ್ಟು ಗಟ್ಟಿ. ಮರ ಹೆರೆಯುವ ಕೀಸುಳಿಯ ಹಾಗಿದ್ದ ಪೆಟ್ಟಿಗೆಯಲ್ಲಿ ಹೆರೀತಾರೆ.

ಉಪ್ಪಳ_ಎಕ್ಸ್‌ಪ್ರೆಸ್
ಮಾಸ್ ಚಟ್ನಿ ನೆನಪು ಮಾಡಿಸಿದ್ರಲ್ಲ ಮಾರಾಯ್ರೆ. ತೆಂಗಿನಕಾಯಿ, ಒಣಮೆಣಸು, ಹುಳಿ...

ಪೆರ್ಲದ_ಪಯಣಿಗ
ಚಟ್ನಿ ಆಮೇಲೆ. ಹಾಗಾದ್ರೆ ಅಲ್ಲಿ ಹೇಳುದು ಹೇಗೆ? "ಐ ಆಮ್ ವೆಜಿಟೇರಿಯನ್" ಸಾಕಾ?

ತಾಳಮದ್ದಳೆ_ಕಿವಿ
ಸಾಕಾಗುದಿಲ್ಲ. "ಬೆಜಿಟಾರಿಯನ್" ಅಂದ್ರೆ ತರಕಾರಿ ಇಷ್ಟಪಡುವವರು ಅಂತ ತಿಳ್ಕೊಂಡು ಸಲಾಡಿನ ಮೇಲೆ ಬೇಕನ್ ಹಾಕಿ ತಂದಾರು. ಹೆಸರು ಹೇಳಬೇಡಿ, ತಿನ್ನದ್ದನ್ನು ಹೇಳಿ: "ನಿಕು ತೊ ಸಕಾನಾ ವ ತಾಬೆರಾರೆಮಾಸೆನ್. ಕತ್ಸುಓ ದಾಶಿ ಮೊ ದಾಮೆ ದೆಸು." ಮಾಂಸ, ಮೀನು ತಿನ್ಲಿಕ್ಕಾಗುದಿಲ್ಲ, ಮೀನಿನ ದಾಶಿಯೂ ಆಗುದಿಲ್ಲ ಅಂತ. ಮೊಟ್ಟೆಗೆ "ತಮಾಗೊ ಮೊ" ಅಂತ ಸೇರಿಸಿ. ಇದನ್ನೇ ಜಪಾನಿ ಲಿಪಿಯಲ್ಲಿ ದೊಡ್ಡಕ್ಷರದಲ್ಲಿ ಪ್ರಿಂಟ್ ಮಾಡಿ 3 ಜನರ ಕೈಯಲ್ಲೂ ಒಂದೊಂದು ಕೊಡಿ. ಮಾಂಸ, ಮೀನು, ಸೀಗಡಿ, ಚಿಪ್ಪು, ಮೊಟ್ಟೆ, ಇವುಗಳ ದಾಶಿ, ಎಕಿಸು, ಎಲ್ಲ ಒಂದೊಂದೇ ಸಾಲಿನಲ್ಲಿ.

ಮತ್ತೊಂದು, ಕಾರ್ಡು ತೋರಿಸುದು ಬಾಗಿಲಲ್ಲಿ, ಕೂತ ಮೇಲೆ ಅಲ್ಲ. ಅವರು ಎರಡೂ ಕೈ ಅಡ್ಡ ಹಿಡಿದು ಗುಣಿಸುವ ಚಿಹ್ನೆ ಮಾಡಿದ್ರೆ ಆಗುದಿಲ್ಲ ಅಂತ ಅರ್ಥ. ವಾದ ಮಾಡಬೇಡಿ. ದಾಶಿ ಬೆಳಿಗ್ಗೆಯೇ ಹಂಡೆಯಲ್ಲಿ ಮಾಡಿಟ್ಟದ್ದು, ನಿಮಗಾಗಿ ತೆಗೆಯುವ ಹಾಗಿಲ್ಲ. ಹುಳಿ ಕುದಿದ ಮೇಲೆ ಬೇಳೆ ತೆಗೀರಿ ಅಂದ ಹಾಗೆ.

ಮೊಗ್ರಾಲ್_ತೀರ
ಹಲಾಲಿನ ಲೆಕ್ಕ ಪೂರಾ ಬೇರೆ, ಅದನ್ನೂ ಬರೆದು ಬಿಡ್ತೇನೆ. ಕಡಲ ಮೀನು, ದಾಶಿ, ಮೊಟ್ಟೆ ನಮಗೆ ತೊಂದ್ರೆ ಇಲ್ಲ. ತೊಂದ್ರೆ ಹಂದಿ, ಜಬಹ್ (ಹಲಾಲ್ ಕ್ರಮದಲ್ಲಿ ಕೊಯ್ಯುದು) ಆಗದ ಕೋಳಿ ಮತ್ತು ದನ, ಆಮೇಲೆ ಮದ್ಯ. ಮೂರನೇದ್ದೇ ಕಣ್ಣಿಗೆ ಕಾಣುದಿಲ್ಲ. ತೆರಿಯಾಕಿ, ಸುಕಿಯಾಕಿ, ಹಾವುಮೀನಿನ ಮೇಲೆ ಬಳಿಯುವ ಸಾಸ್, ಎಲ್ಲದ್ರಲ್ಲೂ ಮಿರಿನ್ (ಸಿಹಿ ಅಕ್ಕಿ ಮದ್ಯ) ಅಥವಾ ಅಡಿಗೆಯ ಸಾಕೆ (ಅಕ್ಕಿ ಮದ್ಯ). ಅಸಲಿ ಮಿರಿನ್‌ನಲ್ಲಿ 14 ಶೇಕಡ ಹತ್ರ ಆಲ್ಕೋಹಾಲ್ ಉಂಟು. ಸೋಯಾ ಸಾಸಿನಲ್ಲೂ ಹುದುಗುವಾಗ ಸ್ವಲ್ಪ ತಾನಾಗಿ ಬರ್ತದೆ. ಅದನ್ನು ಕೆಲವರು ಬಿಡ್ತಾರೆ, ಕೆಲವರು ಬಿಡುದಿಲ್ಲ, ನಿಮ್ಮವರನ್ನೇ ಕೇಳಿಕೊಳ್ಳಿ.

ರಾಮೆನ್, ಅಂದ್ರೆ ಸಾರಿನ ನೂಡಲ್ಸ್, ಸಾದಾ ಅಂಗಡಿಯಲ್ಲಿ ಬೇಡವೇ ಬೇಡ. ಮೇಲಿನ ಹಂದಿ ತುಂಡು ತೆಗೆಸಿದ್ರೂ ಸಾರು ಹಂದಿ ಎಲುಬಿನದ್ದು, ಇಲ್ಲದಿದ್ರೆ ಕೋಳಿಯದ್ದು. ಹಲಾಲ್ ಅಂತ ಬೋರ್ಡು ಇದ್ದಲ್ಲಿ ಮಾತ್ರ. ಅದ್ರಲ್ಲೂ ಬಾರಿನಲ್ಲಿ ಮದ್ಯ ಇಟ್ಟುಕೊಂಡು ಮಾಂಸ ಮಾತ್ರ ಹಲಾಲ್ ಅನ್ನುವವರು ಇದ್ದಾರೆ, ಪ್ರಮಾಣಪತ್ರ ಯಾವುದಕ್ಕೆ ಅಂತ ನೋಡ್ಬೇಕು. ಒಸಾಕಾ ಮಸೀದಿ ಇರುದು ನಿಶಿಯೊದೊಗಾವಾದಲ್ಲಿ, ಹಾನ್‌ಶಿನ್ ಲೈನಿನ ಚಿಬುನೆ ಸ್ಟೇಷನಿನ ಹತ್ರ. ಆ ಸುತ್ತಿನಲ್ಲಿ ಹಲಾಲ್ ಅಂಗಡಿಗಳು ಸಿಗ್ತವೆ.

ಅಡಿಕೆಸುಲಿ
ಅಂದ್ರೆ ಭಟ್ರಿಗೆ ಆಗುದು ಇವರಿಗೆ ಆಗುದಿಲ್ಲ, ಇವರಿಗೆ ಆಗುದು ಭಟ್ರಿಗೆ ಆಗುದಿಲ್ಲ. ಒಂದೇ ಮೇಜು ಕಷ್ಟ.

ಮೊಗ್ರಾಲ್_ತೀರ
ಕಷ್ಟ ಇಲ್ಲ, ಸುಶಿ ಉಂಟಲ್ಲ. ಹಸಿ ಮೀನಿಗೆ ಮಿರಿನ್ ಯಾಕೆ ಬೇಕು? ಅನ್ನಕ್ಕೆ ಕಲಸುವ ವಿನಿಗರಿನಲ್ಲಿ ಮಿರಿನ್ ಅಥವಾ ಸಾಕೆ ಇರಬಹುದು, ಅದನ್ನು ಮಾತ್ರ ಕೇಳಿಕೊಳ್ಳಿ.

ಚಂದ್ರಗಿರಿ_ದೋಣಿ
ತೀರದವರು ಹೇಳಿದ್ದು ಸರಿ. 9 ಜನಕ್ಕೂ ಹೊಂದುದು ತಿರುಗುವ ಸುಶಿ, ಕೈತೆನ್ ಸುಶಿ. ಅದು ಹುಟ್ಟಿದ್ದೂ ಒಸಾಕಾದ ಮಗ್ಗುಲಲ್ಲೇ. 1958ರಲ್ಲಿ ಶಿರಾಯಿಶಿ ಯೊಶಿಆಕಿ ಅನ್ನುವವರು ಬಿಯರ್ ಬಾಟ್ಲಿ ಸಾಗುವ ಬೆಲ್ಟ್ ನೋಡಿ ಹಿಗಾಶಿಒಸಾಕಾದಲ್ಲಿ ಸುರು ಮಾಡಿದ್ದು, 1970ರ ಒಸಾಕಾ ಎಕ್ಸ್‌ಪೋದಲ್ಲಿ ಇಟ್ಟ ಮೇಲೆ ಊರೆಲ್ಲ ಹಬ್ಬಿತು. ಕ್ರಮ ಹೇಳ್ತೇನೆ.

ಬಾಗಿಲ ಹತ್ರ ಒಂದು ಯಂತ್ರ ಇರ್ತದೆ. ಭಾಷೆ ಇಂಗ್ಲಿಷ್ ಮಾಡಿ, ಎಷ್ಟು ಜನ, ಮೇಜೋ ಕೌಂಟರೋ ಅಂತ ಒತ್ತಿ. ನಂಬರಿನ ಚೀಟಿ ಬರ್ತದೆ. ಒಂದು ಮೇಜಿಗೆ ಸಾಮಾನ್ಯ 6 ಜನ. 9 ಅಂತ ಒತ್ತಿದ್ರೆ ಎರಡು ಮೇಜು ಒಟ್ಟಿಗೆ ಖಾಲಿ ಆಗುವವರೆಗೆ ಕಾಯ್ತೀರಿ, 5 ಮತ್ತು 4 ಅಂತ ಎರಡು ಚೀಟಿ ತೆಗೆದ್ರೆ ಬೇಗ. ಒಳಗೆ ಹೋದ ಮೇಲೆ ಪರದೆಯಲ್ಲಿ ಚಿತ್ರ ನೋಡಿ ಒತ್ತುದು, ತಟ್ಟೆ ಬೆಲ್ಟಿನಲ್ಲಿ ನೇರ ನಿಮ್ಮ ಮೇಜಿಗೆ ಬಂದು ನಿಲ್ತದೆ. 2023ರಲ್ಲಿ ಯಾರೋ ಹುಡುಗ ಸೋಯಾ ಬಾಟ್ಲಿ ನೆಕ್ಕಿದ ವಿಡಿಯೋ ಗಲಾಟೆ ಆದ ಮೇಲೆ ಸುಮ್ಮನೆ ಸುತ್ತುವ ತಟ್ಟೆಗಳು ತುಂಬಾ ಕಡೆ ನಿಂತು ಹೋಗಿವೆ. ಅಗ್ಗದ ತಟ್ಟೆ 120 ಯೆನ್ ಆಸುಪಾಸು, ಊರು ನೋಡಿ ಹೆಚ್ಚುಕಮ್ಮಿ. 100 ಯೆನ್ ಅಂದ್ರೆ 55-60 ರೂಪಾಯಿ ಅಂತ ಲೆಕ್ಕ ಹಿಡೀರಿ.

3 ಜನಕ್ಕೆ: ಕಪ್ಪಾಮಾಕಿ, ಅಂದ್ರೆ ಸೌತೆಕಾಯಿ ಸುರುಳಿ, ಸಾಧಾರಣ ಆದೀತು, ಅನ್ನದ ವಿನಿಗರಿನಲ್ಲಿ ದಾಶಿ ಉಂಟಾ ಅಂತ ಮಾತ್ರ ಕೇಳಿ. ಹಾಗೇ ಬೇಯಿಸಿದ ಎದಮಾಮೆ (ಎಳೆ ಸೋಯಾ ಕೋಡು), ಹಣ್ಣು. ಕಡಲಕಳೆ ಸುತ್ತಿದ ಅನ್ನದ ಮೇಲೆ ಜೋಳ ಇಟ್ಟ ಗುನ್‌ಕನ್‌ನಲ್ಲಿ ಮಯೋನೀಸ್ ಉಂಟು, ಮೊಟ್ಟೆ. ನತ್ತೊ, ಅಂದ್ರೆ ಹುದುಗಿಸಿದ ಸೋಯಾ ಕಾಳು, ಅದರ ಜತೆ ಬರುವ ಸಾಸಿನಲ್ಲಿ ದಾಶಿ. ಕಂಪ್ಯೊ, ಅಂದ್ರೆ ಸೋರೆಕಾಯಿ ಎಳೆ, ಬೇಯಿಸುವಾಗ ದಾಶಿ ಹಾಕುವವರಿದ್ದಾರೆ, ಕೇಳಿಯೇ ತಗೊಳ್ಳಿ. ಫ್ರೈ ಆದದ್ದು ಎಲ್ಲ ಒಂದೇ ಎಣ್ಣೆ. ದೊಡ್ಡ ಮೋಸ ಯಾವುದು ಅಂದ್ರೆ ಮೇಜಿನ ಮೇಲಿನ ಸೋಯಾ ಬಾಟ್ಲಿ. ಕೆಲವು ಕಡೆ ಎರಡು ಮೂರು ಇರ್ತದೆ, ಅದ್ರಲ್ಲಿ ಒಂದು "ದಾಶಿ ಶೋಯು", ಮೀನಿನದ್ದು. ಸೌತೆಕಾಯಿಯನ್ನು ಅದ್ರಲ್ಲಿ ಅದ್ದಿದ್ರೆ ಇಷ್ಟು ಹೊತ್ತು ಹುಡುಕಿದ್ದು ವ್ಯರ್ಥ.

ನೀರ್ಚಾಲು_ನೀರ್ದೋಸೆ
ಮೇಜಿನ ಹತ್ರ ಕೈ ತೊಳೆಯುವ ನಳ್ಳಿ ಸಹ ಉಂಟಲ್ಲ, ಅದು ಒಳ್ಳೆ ವ್ಯವಸ್ಥೆ.

ಚಂದ್ರಗಿರಿ_ದೋಣಿ
ಅಯ್ಯೋ ದೇವರೇ! ಅದು ಕೈ ತೊಳೆಯುದಕ್ಕಲ್ಲ, ಚಾಕ್ಕೆ. ಕುದಿಯುವ ನೀರು. ಲೋಟಕ್ಕೆ ಹಸಿರು ಚಾ ಪುಡಿ ಒಂದು ಚಿಕ್ಕ ಚಮಚ ಹಾಕಿ, ಲೋಟವನ್ನೇ ಆ ಕರಿ ಗುಂಡಿಗೆ ಒತ್ತಿದ್ರೆ ನೀರು ಬೀಳ್ತದೆ. ಬೆರಳಿಟ್ಟರೆ ಬೊಬ್ಬೆ. ಕೈ ಒರೆಸ್ಲಿಕ್ಕೆ ಒದ್ದೆ ಟವಲ್ ಕೊಡ್ತಾರೆ, ಅದ್ರಲ್ಲಿ ಮುಖ, ಕುತ್ತಿಗೆ ಒರೆಸುದು ಬೇಡ. ಹಸಿರು ಪುಡಿಯನ್ನು ವಸಾಬಿ ಅಂತ ತಿಳ್ಕೊಂಡು ಸೋಯಾಕ್ಕೆ ಕಲಸಿದವರೂ ಇದ್ದಾರೆ.

ಅಡಿಕೆಸುಲಿ
ಚಾಪ್‌ಸ್ಟಿಕ್ ಹಿಡಿಯಲು ಬಾರದವರು?

ತಾಳಮದ್ದಳೆ_ಕಿವಿ
ಸುಶಿ ಕೈಯಲ್ಲಿ ತಿಂದ್ರೆ ಏನೂ ತಪ್ಪಿಲ್ಲ, ಹಳೇ ಕ್ರಮವೇ ಅದು. ಮೀನಿನ ಬದಿಯನ್ನು ಸೋಯಾಕ್ಕೆ ತಾಗಿಸಿ, ಅನ್ನದ ಬದಿ ಅದ್ದಿದ್ರೆ ಉದುರ್ತದೆ. ಚಾಪ್‌ಸ್ಟಿಕ್ಕಿನಲ್ಲಿ ಮಾಡಬಾರದ್ದು ಎರಡು. ಅನ್ನದಲ್ಲಿ ನೆಟ್ಟಗೆ ಚುಚ್ಚಿಡುದು, ಅದು ಸತ್ತವರಿಗೆ ಇಡುವ ಎಡೆ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ದಾಟಿಸುದು, ಅದು ದಹನದ ಮೇಲೆ ಎಲುಬು ಆರಿಸುವ ಕ್ರಮ. ನಮ್ಮಲ್ಲಿ ಅಸ್ಥಿ ಸಂಚಯನ ಗೊತ್ತಿದ್ದವರಿಗೆ ಬೇರೆ ವಿವರಣೆ ಬೇಡ.

ಬೇಕಲದ_ಗಾಳಿ
ಒಸಾಕಾಕ್ಕೆ ಹೋಗಿ ತಕೊಯಾಕಿ, ಒಕೊನೊಮಿಯಾಕಿ ತಿನ್ನದೆ ಬರುದಾ? ನಂಬಾ ಹತ್ರದ ತಿಂಡಿ ಬೀದಿ ದೋತೊಂಬೊರಿಯ ಅರ್ಧ ಬೆಳಕು ಅದ್ರದ್ದೇ ಬೋರ್ಡು.

ಕಟ್ಟುಸಾರು
ತಿನ್ನುವ 4 ಜನ ತಿನ್ನಲಿ. ತಕೊಯಾಕಿ ನಮ್ಮ ಗುಳಿಯಪ್ಪದ ಕಾವಲಿಯ ತಮ್ಮ. ಹಿಟ್ಟು ಮಾತ್ರ ನೀರುದೋಸೆಯಷ್ಟು ತೆಳು, ಗೋಧಿ ಹಿಟ್ಟಿಗೆ ಮೊಟ್ಟೆ ಮತ್ತು ದಾಶಿ, ಒಳಗೆ ಆಕ್ಟೋಪಸ್ ತುಂಡು. ಹಿಟ್ಟನ್ನು ಗುಳಿ ದಾಟಿ ಕಾವಲಿ ತುಂಬಾ ಹೊಯ್ತಾರೆ, ಅಂಚು ಗಟ್ಟಿಯಾದ ಕೂಡ್ಲೇ ಸೂಜಿಯಲ್ಲಿ ಗೆರೆ ಹಾಕಿ ಕಾಲು ಸುತ್ತು ತಿರುಗಿಸಿ, ಹೊರಗೆ ಉಳಿದದ್ದನ್ನು ಒಳಗೆ ತುರುಕ್ತಾರೆ. ಅದಕ್ಕೇ ಅದು ಉರುಟು. ಒಳಗೆ ಗಂಜಿಯ ಹಾಗೆ ದ್ರವ, ಇಡೀ ಬಾಯಿಗೆ ಹಾಕಿದ್ರೆ ಅಂಗುಳ ಸುಡ್ತದೆ. ಕಡ್ಡಿಯಲ್ಲಿ ತೂತು ಮಾಡಿ ಹಬೆ ಬಿಡಿಸಿ. 8ರ ಪೊಟ್ಟಣ ದೋತೊಂಬೊರಿಯಲ್ಲಿ 600-900 ಯೆನ್. ನಡೀತಾ ತಿನ್ನಬೇಡಿ, ಅಂಗಡಿ ಎದುರು ನಿಂತು ತಿಂದು, ಕಸ ಅಲ್ಲೇ ಕೊಡಿ. ಬೀದಿಯಲ್ಲಿ ಕಸದ ಡಬ್ಬಿ ಹುಡುಕಿದ್ರೂ ಸಿಗುದಿಲ್ಲ.

ಒಕೊನೊಮಿಯಾಕಿ: ಎಲೆಕೋಸು, ಮೊಟ್ಟೆ, ದಾಶಿ ಸೇರಿದ ಹಿಟ್ಟು, ತುರಿದ ಯಮಾಇಮೊ. ಅದು ನಮ್ಮ ತೂಣಗೆಣಸಿನ ಬಳಗದ್ದು, ಅದೇ ಲೋಳೆ, ಅದೇ ಕೈ ತುರಿಕೆ. ಮೇಲೆ ಹಂದಿಯ ತೆಳು ಹಾಳೆ. ಕೆಲವು ಅಂಗಡಿಯಲ್ಲಿ ಬಟ್ಟಲು ಕೊಟ್ಟು ನೀವೇ ಮಾಡಿ ಅಂತಾರೆ. ಆಗ ನಮ್ಮವರು ಮಾಡುವ ತಪ್ಪು, ದೋಸೆಯ ಹಾಗೆ ತೆಳ್ಳಗೆ ಹರಡುದು ಮತ್ತು ಸಟ್ಟುಗದಲ್ಲಿ ಒತ್ತುದು. 2 ಸೆಂ.ಮೀ. ದಪ್ಪ ಇರಲಿ, ಒತ್ತಬೇಡಿ. ಒತ್ತಿದ್ರೆ ಒಳಗಿನ ಗಾಳಿ ಹೋಗಿ ಕೋಸು ಬೇಯುವ ಮೊದಲೇ ಹಿಟ್ಟು ಅಂಟಾಗ್ತದೆ. ಒಂದು ಬದಿ 5 ನಿಮಿಷ, ಮಗುಚಿ ಇನ್ನೊಂದು 5.

ಪೆರ್ಲದ_ಪಯಣಿಗ
ಮೊಟ್ಟೆ, ಹಂದಿ ಬಿಟ್ಟು ಮಾಡಿ ಕೊಡಿ ಅಂದ್ರೆ?

ಕಟ್ಟುಸಾರು
ಹಂದಿ ಬಿಡ್ತಾರೆ, ಹಿಟ್ಟಿನ ದಾಶಿ ಬಿಡ್ಲಿಕ್ಕಾಗುದಿಲ್ಲ, ಬಳಿಯುವ ಕಪ್ಪು ಸಾಸಿನಲ್ಲೂ ಮಾಂಸದ ಎಕಿಸು ಇರಬಹುದು. ಹಲಾಲಿನವರಿಗೆ ಸೀಗಡಿ ಹಾಕಿಸಿದ್ರೂ ಕಾವಲಿ ಹಂದಿ ಹುರಿದದ್ದೇ. ವೀಗನ್ ಒಕೊನೊಮಿಯಾಕಿ ಅಂತಲೇ ಮಾಡುವ ಅಂಗಡಿಗಳು ಒಸಾಕಾದಲ್ಲಿ ಉಂಟು, ಮೊದಲೇ ಹೇಳಿ ಜಾಗ ಹಿಡಿಯಬೇಕು. ಅದ್ರಲ್ಲೂ ನೀರುಳ್ಳಿ, ಬೆಳ್ಳುಳ್ಳಿ ಕೇಳಿಕೊಳ್ಳಿ. ವೀಗನ್ ರಾಮೆನಿನಲ್ಲಂತೂ ಬೆಳ್ಳುಳ್ಳಿ ಇಲ್ಲದೆ ಇರುದು ಕಮ್ಮಿ.

ಮಧೂರು_ಅಪ್ಪ_ಪ್ರಸಾದ
ನೀರುಳ್ಳಿ ಬೆಳ್ಳುಳ್ಳಿ ಇಲ್ಲದವರಿಗೆ ಸರಿಯಾದ ಜಾಗ ಕೋಯಸಾನ್ ಅನ್ನುವ ಬೌದ್ಧ ದೇವಾಲಯಗಳ ಬೆಟ್ಟ, ಯಾರೂ ಹೇಳಲೇ ಇಲ್ಲ. ಅಲ್ಲಿಯ ದೇವಾಲಯಗಳ ಊಟಕ್ಕೆ ಶೋಜಿನ್ ರ್‍ಯೋರಿ ಅಂತ ಹೆಸರು. ಮಾಂಸ ಮೀನು ಇಲ್ಲ, ಜತೆಗೆ ಗೊಕುನ್ ಅಂತ 5 ಘಾಟಿನ ಗಿಡ ನಿಷೇಧ, ನೀರುಳ್ಳಿ ಬೆಳ್ಳುಳ್ಳಿ ಆ ಲೆಕ್ಕದಲ್ಲಿ ಬರ್ತದೆ. ದಾಶಿ ಕೊಂಬು ಮತ್ತು ಒಣ ಶಿಇತಾಕೆ ಅಣಬೆಯದ್ದು. (ಅಣಬೆ ಆಗದವರಿದ್ರೆ ಅದನ್ನೂ ಹೇಳ್ಬೇಕು.) ಎಳ್ಳು ಅರೆದು ಕುದ್ಜು ಗೆಡ್ಡೆಯ ಹಿಟ್ಟಿನಲ್ಲಿ ಕಾಯಿಸಿ ಹೆಪ್ಪು ಕಟ್ಟಿಸಿದ ಗೋಮಾದೋಫು, ಚಳಿಗೆ ಹೆಪ್ಪುಗಟ್ಟಿಸಿ ಒಣಗಿಸಿದ ಕೋಯಾದೋಫು, ಎಲೆಗಳ ತೆಂಪುರ. ಕೋಯಾದೋಫುವಿನ ಹೆಸರೇ ಆ ಬೆಟ್ಟದ್ದು.

ನಿಮ್ಮ ರೂಮು ನಂಬಾದಲ್ಲಿ ಅಂದ್ರಲ್ಲ, ಅಲ್ಲಿಂದಲೇ ನಾನ್‌ಕಾಯ್ ರೈಲು ಗೊಕುರಾಕುಬಾಶಿವರೆಗೆ, ಅಲ್ಲಿಂದ ಕೇಬಲ್ ಕಾರ್ 5 ನಿಮಿಷ, ಮೇಲೆ ಬಸ್ಸು. ಎಲ್ಲ ಸೇರಿ 2 ಗಂಟೆ ಹಿಡೀರಿ. ರಾತ್ರಿ ಉಳಿಯುದಾದ್ರೆ 50ಕ್ಕೂ ಹೆಚ್ಚು ದೇವಾಲಯಗಳಲ್ಲಿ ವಸತಿ ಉಂಟು, ರಾತ್ರಿ ಊಟ 5:30-6 ಗಂಟೆಗೇ ಬಡಿಸ್ತಾರೆ, ತಡವಾಗಿ ಹೋದ್ರೆ ಉಪವಾಸ. ಹಗಲು ಹೋಗಿ ಬರುದಾದ್ರೆ ಮಧ್ಯಾಹ್ನದ ಊಟ ಮೊದಲೇ ಬುಕ್ ಮಾಡಿ. 800 ಮೀಟರ್ ಎತ್ತರ, ನವೆಂಬರಿನಲ್ಲಿ ಸ್ವೆಟರ್ ಬೇಕೇ ಬೇಕು. ಬೆಳಿಗ್ಗೆ ಕೆಲವು ಕಡೆ "ಗೋಮಾ" ನಡೀತದೆ. ಇದು ಎಳ್ಳಿನ ಗೋಮಾ ಅಲ್ಲ, ನಮ್ಮ ಹೋಮವೇ ಚೀನಾ ದಾಟಿ ಹೋಗಿ ಗೋಮಾ ಆದದ್ದು. ಬೆಂಕಿ, ಸಮಿತ್ತು, ಮಂತ್ರ, ಎಲ್ಲ ಉಂಟು.

ನೀರ್ಚಾಲು_ನೀರ್ದೋಸೆ
ಹೋಮ, ಮೇಲಿಂದ ನೀರುಳ್ಳಿ ಇಲ್ಲದ ಊಟ. ಅದು ಜಪಾನೋ ನಮ್ಮ ಸೀಮೆಯೋ!

ತಾಳಮದ್ದಳೆ_ಕಿವಿ
ಒಸಾಕಾಕ್ಕೆ ಹೋದವರು ಅಲ್ಲಿಯ ನಿಪ್ಪೊಂಬಾಶಿಯಲ್ಲಿ ರಾಷ್ಟ್ರೀಯ ಬುನ್‌ರಾಕು ರಂಗಮಂದಿರ ಸಹ ನೋಡಿ. ಬೊಂಬೆಯಾಟ, ನಂಬಾದಿಂದ ನಡೆಯುವ ದೂರ, 1984ರಲ್ಲಿ ಸುರುವಾದದ್ದು. ಒಂದು ಮುಖ್ಯ ಬೊಂಬೆಗೆ 3 ಜನ, ಬದಿಯಲ್ಲಿ ಭಾಗವತಿಕೆ ಮಾಡುವ ಒಬ್ಬ, ಶಾಮಿಸೆನ್ ಅನ್ನುವ ತಂತಿವಾದ್ಯ ನುಡಿಸುವ ಒಬ್ಬ. ಕಾಸರಗೋಡಿನ ಯಕ್ಷಗಾನ ಬೊಂಬೆಯಾಟ ನೋಡಿದವರಿಗೆ ಹೋಲಿಸ್ಲಿಕ್ಕೆ ಬೇಕಾದಷ್ಟು ಉಂಟು. ನಮ್ಮದು ಮೇಲಿಂದ ಸೂತ್ರ, ಅವರದ್ದು ಹಿಂದಿನಿಂದ ಕೈ.

ಅಡಿಕೆಸುಲಿ
ಊಟದ ವಿಷಯಕ್ಕೆ ಬನ್ನಿ ಭಾಗವತರೇ.

ತಾಳಮದ್ದಳೆ_ಕಿವಿ
ಅದೇ ವಿಷಯ! ಅಂಕದ ನಡುವೆ ತಿನ್ನುವ ಬುತ್ತಿಗೆ ಮಕುನೋಉಚಿ ಅಂತ ಹೆಸರು, ಪರದೆಯ ನಡುವೆ ಅಂತ ಅರ್ಥ. ಈಗ ರೈಲ್ವೆ ಸ್ಟೇಷನಲ್ಲೂ ಮಾರ್ತಾರೆ. ಸಸ್ಯಾಹಾರಿಗಳು ಮುಟ್ಟಬೇಡಿ, ಮೀನು ತುಂಡು, ಮೊಟ್ಟೆ ಎರಡೂ ಉಂಟು.

ಉಪ್ಪಳ_ಎಕ್ಸ್‌ಪ್ರೆಸ್
ದುಡ್ಡಿನ ವಿಷಯ ಯಾರೂ ಬರೆಯಲಿಲ್ಲ. ಉದೋನ್, ರಾಮೆನ್, ಕರಿ ಅಂಗಡಿಗಳಲ್ಲಿ ಬಾಗಿಲ ಹತ್ರ ಚೀಟಿ ಯಂತ್ರ. ಮೊದಲು ನೋಟು ಹಾಕುದು, ಆಗ ಗುಂಡಿಗಳಲ್ಲಿ ದೀಪ ಹತ್ತುತ್ತದೆ, ಆಮೇಲೆ ಒತ್ತುದು. ಚಿಲ್ಲರೆ ತಾನಾಗಿ ಬಾರದಿದ್ರೆ ಹಿಡಿ ತಿರುಗಿಸಬೇಕು. ಎಂತ ತಗೊಳ್ಳುದು ಗೊತ್ತಾಗದಿದ್ರೆ ಎಡಗಡೆ ಮೇಲಿನ ಮೊದಲ ಗುಂಡಿ, ಅಂಗಡಿಯ ಹೆಸರುವಾಸಿ ಪದಾರ್ಥ ಸಾಧಾರಣ ಅದೇ. ಹಳೇ ಯಂತ್ರ 1,000 ಯೆನ್ ನೋಟು ಮಾತ್ರ ನುಂಗ್ತದೆ. 2024 ಜುಲೈಯಲ್ಲಿ ಹೊಸ ನೋಟು ಬಂದಿದೆ, ಅದನ್ನು ಉಗುಳುವ ಯಂತ್ರಗಳು ಇನ್ನೂ ಉಂಟು. ನಾಣ್ಯ ಮತ್ತು ಹಳೇ 1,000ದ ನೋಟು ಒಂದು ಕಟ್ಟು ಕೈಯಲ್ಲಿರಲಿ.

ತೆರಿಗೆ ಕೂತು ತಿಂದ್ರೆ 10 ಶೇಕಡ, ಕಟ್ಟಿಸಿಕೊಂಡು ಹೋದ್ರೆ 8. ಟಿಪ್ಸ್ ಇಡಬೇಡಿ, ಬಿಟ್ಟು ಹೋದ್ರಿ ಅಂತ ಹಿಂದೆ ಓಡಿ ಬಂದು ಕೊಡ್ತಾರೆ.

ಬೇಕಲದ_ಗಾಳಿ
ಇಜಕಾಯಾಕ್ಕೆ, ಅಂದ್ರೆ ಮದ್ಯದ ಜತೆ ತಿಂಡಿ ಕೊಡುವ ಅಂಗಡಿಗೆ, ಹೋಗುವ 4 ಜನಕ್ಕೆ ಎಚ್ಚರಿಕೆ. ಕೂತ ಕೂಡ್ಲೇ ಕೇಳದೆ ಒಂದು ಚಿಕ್ಕ ಬಟ್ಟಲು ತಂದಿಡ್ತಾರೆ. ಒಸಾಕಾದಲ್ಲಿ ಅದಕ್ಕೆ ತ್ಸುಕಿದಾಶಿ ಅಂತಾರೆ, ಟೋಕಿಯೋದಲ್ಲಿ ಒತೋಶಿ. ಪುಕ್ಕಟೆ ಅಲ್ಲ, ತಲೆಗೆ 300-500 ಯೆನ್, ಕೂತದ್ದರ ಬಾಡಿಗೆ ಅಂತ ತಿಳ್ಕೊಳ್ಳಿ. ಬಿಲ್ಲಿನಲ್ಲಿ ನೋಡಿ ಜಗಳಕ್ಕೆ ನಿಲ್ಲಬೇಡಿ. ಒಬ್ಬೊಬ್ಬರು ಒಂದಾದರೂ ಪಾನೀಯ ಹೇಳ್ಬೇಕು, ಊಲಾಂಗ್ ಚಾ ಹೇಳಿದ್ರೂ ಆಯ್ತು. ಬೀದಿಯಲ್ಲಿ ನಿಂತು ಲ್ಯಾಮಿನೇಟ್ ಮಾಡಿದ ಮೆನು ಹಿಡಿದು ಕರೆಯುವವರ ಹಿಂದೆ ಹೋಗ್ಲೇಬಾರದು. ಒಳ್ಳೇ ಅಂಗಡಿಗೆ ಬೀದಿಯಲ್ಲಿ ನಿಂತು ಕರೆಯುವ ಅವಸ್ಥೆ ಇರುದಿಲ್ಲ. ಅಂಥ ಕಡೆ ಕುರ್ಚಿಗೆ, ಸೇವೆಗೆ, ವಾರಾಂತ್ಯಕ್ಕೆ ಅಂತ ಮೂರು ನಮೂನೆ ಸೇರಿಸಿ ಬಿಲ್ಲು ದುಪ್ಪಟ್ಟು ಮಾಡ್ತಾರೆ.

ಶಿನ್‌ಸೆಕಾಯ್‌ಯಲ್ಲಿ ಕುಶಿಕತ್ಸು: ಕಡ್ಡಿಗೆ ಚುಚ್ಚಿ ಕರಿದದ್ದು. ಸಾಸಿನ ಪಾತ್ರೆ ಎಲ್ಲರಿಗೂ ಒಂದೇ ಆದ್ರೆ ಒಂದೇ ಸಲ ಅದ್ದುದು, ಕಚ್ಚಿದ ಮೇಲೆ ಎರಡನೇ ಸಲ ಇಲ್ಲ. ನಮ್ಮ ಎಂಜಲಿನ ಲೆಕ್ಕ. ಸಾಸ್ ಕಮ್ಮಿ ಆದ್ರೆ ಪುಕ್ಕಟೆ ಕೊಡುವ ಎಲೆಕೋಸಿನ ತುಂಡಿನಲ್ಲಿ ಕೋರಿ ಹಾಕಿಕೊಳ್ಳುದು. ಈಗ ತುಂಬಾ ಕಡೆ ಬಾಟ್ಲಿ ಬಂದಿದೆ. ತಾವರೆಗೆಡ್ಡೆ, ಗೆಣಸು ಇದ್ರೂ ಹಿಟ್ಟಿನಲ್ಲಿ ಮೊಟ್ಟೆ, ಎಣ್ಣೆ ದನದ ಕೊಬ್ಬು ಬೆರೆತದ್ದು ಇರಬಹುದು. 5 ಜನವೂ ದೂರ ಇರಿ.

ಚಂದ್ರಗಿರಿ_ದೋಣಿ
ಬಂಗುಡೆ ಪ್ರಿಯರು ಬತ್ತೆರಾ ಬಿಡಬೇಡಿ. ಒಸಾಕಾದ್ದೇ ಪದಾರ್ಥ. ಉಪ್ಪು, ವಿನಿಗರ್ ಹಿಡಿಸಿದ ಸಬಾವನ್ನು ಮರದ ಪೆಟ್ಟಿಗೆಯಲ್ಲಿ ಅನ್ನದ ಮೇಲೆ ಒತ್ತಿ, ಮೇಲೆ ಕೊಂಬುವಿನ ಗಾಜಿನಂಥ ತೆಳು ಪದರ. ಹೆಸರು ಪೋರ್ಚುಗೀಸರ ಚಿಕ್ಕ ದೋಣಿಯದ್ದು.

ನೀರ್ಚಾಲು_ನೀರ್ದೋಸೆ
ವಿನಿಗರಿನಲ್ಲಿ ಹುಳ ಸಾಯ್ತದಲ್ಲ, ಹೊಟ್ಟೆಗೆ ತೊಂದ್ರೆ ಇಲ್ಲ.

ಚಂದ್ರಗಿರಿ_ದೋಣಿ
ಸಾಯುದಿಲ್ಲ. ಅನಿಸಾಕಿಸ್ ಅನ್ನುವ ಹುಳ ವಿನಿಗರಿಗೂ ವಸಾಬಿಗೂ ಉಪ್ಪಿಗೂ ಬಗ್ಗುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಇಟ್ಟರೆ ಅಥವಾ ಬೇಯಿಸಿದ್ರೆ ಮಾತ್ರ. ಒಳ್ಳೇ ಅಂಗಡಿಯವರು ಸಬಾವನ್ನು ಫ್ರೀಜ್ ಮಾಡಿಯೇ ಬಳಸ್ತಾರೆ. ತಿಂದ ಕೆಲವು ಗಂಟೆಯಲ್ಲಿ ಹೊಟ್ಟೆ ತಿರುಚಿ ನೋವು ಬಂದ್ರೆ ಅಜೀರ್ಣ ಅಂತ ಸೋಡಾ ಕುಡಿಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಎಂಡೋಸ್ಕೋಪ್ ಹಾಕಿ ಹುಳ ಹಿಡಿದು ತೆಗೀತಾರೆ.

ಅಡಿಕೆಸುಲಿ
ಇನ್ನು ಬಂಗುಡೆ ಪುಳಿಮುಂಚಿಯೇ ಸಾಕು ಅಂತ ಕಾಣ್ತದೆ.

ಪೆರ್ಲದ_ಪಯಣಿಗ
ಉಪಕಾರ ಆಯ್ತು. ಈಗಿನ ಲೆಕ್ಕ: 2 ರಾತ್ರಿ ಕೈತೆನ್ ಸುಶಿ ಎಲ್ಲರೂ ಒಟ್ಟಿಗೆ, ಒಂದು ದಿನ ಕೋಯಸಾನ್, ಒಂದು ರಾತ್ರಿ ಅವರವರ ದಾರಿ. ಐದನೇದ್ದು ಏಜೆಂಟನ ಪನೀರಿಗೆ ಬಿಟ್ಟಿದ್ದೇನೆ.

ಕಟ್ಟುಸಾರು
ಐದನೇದ್ದಕ್ಕೆ ಕೊಕೊ ಇಚಿಬನ್ಯಾ ಕರಿ ಅಂಗಡಿ ನೋಡಿ. ಸಾಮಾನ್ಯ ಜಪಾನಿ ಕರಿಯಲ್ಲಿ ದನದ ಅಥವಾ ಹಂದಿಯ ಕೊಬ್ಬು ಇರ್ತದೆ, ಅವರಲ್ಲಿ ಪ್ರಾಣಿಜನ್ಯ ಇಲ್ಲದ ತರಕಾರಿ ಕರಿ ಬೇರೆ ಉಂಟು, ಎಲ್ಲ ಶಾಖೆಯಲ್ಲಿ ಇಲ್ಲ. ನೀರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ ಅದು ಆಗುದಿಲ್ಲ. ಅವರಿಗೆ ಅಂಗಡಿಯಿಂದ ಶಿಓ ಮುಸುಬಿ, ಬರೀ ಉಪ್ಪಿನ ಅನ್ನದುಂಡೆ, ಹಿಂದಿನ ಪಟ್ಟಿ ಓದಿ. ಉಮೆ ಉಂಡೆಯಲ್ಲಿ ಹುಳಿಹಣ್ಣಿನ ಜತೆ ಕತ್ಸುಓ ಬೆರೆಸಿದ್ದು ಇರ್ತದೆ.

ಪೆರ್ಲದ_ಪಯಣಿಗ
ಕೊನೆಯ ಸಂಶಯ. ಅತ್ತೆ ಮಾವಿನ ಮಿಡಿ ಉಪ್ಪಿನಕಾಯಿ ಕೊಡ್ತೇನೆ ಅಂತಿದ್ದಾರೆ. ಹೋಟೆಲಲ್ಲಿ ಅನ್ನದ ಜತೆ ತೆಗೆದು ತಿನ್ನಬಹುದಾ? ಕರಿಬೇವು ಸಹ ಹಿಡ್ಕೊಂಡು ಹೋಗುದಾ?

ತಾಳಮದ್ದಳೆ_ಕಿವಿ
ಹೊರಗಿನ ತಿಂಡಿ ಒಳಗೆ ತೆಗೆಯುದಕ್ಕೆ ಮೊಚಿಕೊಮಿ ಅಂತಾರೆ, ಬಿಡುದಿಲ್ಲ. ಉಪ್ಪಿನಕಾಯಿ ರೂಮಿಗೆ, ಉಪ್ಪಿನ ಅನ್ನದುಂಡೆಯ ಜತೆಗೆ ಇಟ್ಟುಕೊಳ್ಳಿ. ಹಸಿ ಕರಿಬೇವು, ಹಣ್ಣು, ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳ್ತಾರೆ, ಇಲ್ಲದಿದ್ರೆ ಏರ್‌ಪೋರ್ಟಿನಲ್ಲೇ ತೆಗೆದಿಡ್ತಾರೆ.

ಮಧೂರು_ಅಪ್ಪ_ಪ್ರಸಾದ
ಮಿಡಿಯ ಭರಣಿ ಚೆಕ್‌ಇನ್ ಬ್ಯಾಗಿಗೆ, ಕೈಚೀಲದಲ್ಲಿ ಆದ್ರೆ ಸೆಕ್ಯೂರಿಟಿಯಲ್ಲಿ ಹೋಯ್ತು. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಎರಡು ಪದರ, ಮೇಲಿಂದ ಟೇಪು, ಅದರ ಮೇಲೆ ಜಿಪ್ ಚೀಲ. ರಸ ಅರ್ಧ ಬಸಿದು ಹಾಕಿ, ಮೇಲೆ ಎರಡು ಬೆರಳು ಜಾಗ ಬಿಡಿ. ಇಲ್ಲದಿದ್ರೆ ಒಸಾಕಾ ಇಳಿಯುವಾಗ 9 ಜನರ ಬಟ್ಟೆಯೂ ಸಾಸಿವೆ ಪರಿಮಳ.